ಅಮೆರಿಕದ ಕಾರ್ಡ್ ಸಾಲ, ನಾನ್‌ಪ್ರಾಫಿಟ್ ಕ್ರೆಡಿಟ್ ಕೌನ್ಸೆಲಿಂಗ್: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಯವರು ಸಾಲ ಮನ್ನಾ ಮಾಡಿಸುವುದಿಲ್ಲ. ಅಸಲನ್ನು ಪೂರ್ತಿ ನೀವೇ ಕಟ್ಟಬೇಕು. ಇವರು ಇಳಿಸಿಕೊಡುವುದು ಬಡ್ಡಿಯನ್ನು. ಇಷ್ಟೇನಾ ಅಂತ ಮೂಗು ಮುರಿಯುವ ಮುಂಚೆ ಸ್ವಲ್ಪ ಲೆಕ್ಕ ನೋಡಿ.

ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದನಿಗೆ ಕೆಲಸ ಹೋದಾಗ ಮನೆ ಬಾಡಿಗೆಯಿಂದ ಹಿಡಿದು ಊರಿನ ಟಿಕೆಟ್‌ವರೆಗೆ ಎಲ್ಲ ಕಾರ್ಡ್ ಮೇಲೇ ನಡೆಯಿತು. ಹೊಸ ಕೆಲಸ ಸಿಗುವಷ್ಟರಲ್ಲಿ ಬಾಕಿ ಸುಮಾರು 18,000 ಡಾಲರ್, ಬಡ್ಡಿ 25 ಪರ್ಸೆಂಟ್. ಅಂದರೆ ತಿಂಗಳಿಗೆ 375 ಡಾಲರ್ ಬರೀ ಬಡ್ಡಿ. ಅಷ್ಟು ಕಟ್ಟಿದರೂ ಅಸಲು ಒಂದು ಪೈಸೆಯೂ ಇಳಿಯುವುದಿಲ್ಲ. ಅದೇ ಬಡ್ಡಿ 8 ಪರ್ಸೆಂಟ್‌ಗೆ ಬಂದರೆ ತಿಂಗಳಿಗೆ 365 ಡಾಲರ್ ಕಟ್ಟಿ ಐದು ವರ್ಷದಲ್ಲಿ ಸಾಲವನ್ನೇ ತೀರಿಸಬಹುದು! ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್ ಅಂದರೆ ಇದೇ. ಜೊತೆಗೆ ತಿಂಗಳ ಫೀಸ್ ಇರುತ್ತದೆ, ಸಾಮಾನ್ಯವಾಗಿ 25ರಿಂದ 50 ಡಾಲರ್ ಒಳಗೆ.

ಅವನು ಹೋಗಿದ್ದು ಎನ್‌ಎಫ್‌ಸಿಸಿ ಸದಸ್ಯ ಸಂಸ್ಥೆಯೊಂದಕ್ಕೆ. ಎನ್‌ಎಫ್‌ಸಿಸಿ (ನ್ಯಾಷನಲ್ ಫೌಂಡೇಶನ್ ಫಾರ್ ಕ್ರೆಡಿಟ್ ಕೌನ್ಸೆಲಿಂಗ್) ಅನ್ನುವುದು ಇಂಥ ನಾನ್‌ಪ್ರಾಫಿಟ್ ಸಂಸ್ಥೆಗಳದ್ದೇ ಒಕ್ಕೂಟ, 1951ರಿಂದ ಇದೆ. ಮೊದಲ ಮಾತುಕತೆ ಫ್ರೀ, ಫೋನಿನಲ್ಲೇ. ನಾನೂ ಸ್ಪೀಕರ್‌ನಲ್ಲಿ ಕೇಳುತ್ತಾ ಕೂತಿದ್ದೆ. ಸಂಬಳ, ಬಾಡಿಗೆ, ದಿನಸಿ, ಕಾರಿನ ಕಂತು ಎಲ್ಲ ಒಂದೊಂದಾಗಿ ಕೇಳಿ ಬರೆದುಕೊಂಡರು. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವ ದುಡ್ಡನ್ನೂ ಖರ್ಚಿನ ಲೆಕ್ಕಕ್ಕೇ ಸೇರಿಸಿದರು, ಅದನ್ನು ನಿಲ್ಲಿಸಿ ಅನ್ನಲಿಲ್ಲ. ಬುದ್ಧಿವಾದ ಹೇಳಲಿಲ್ಲ, ನನಗೆ ಅದೇ ಜಾಸ್ತಿ ಇಷ್ಟವಾಯಿತು. ಕನ್ನಡ ಕೂಟದಲ್ಲಿ ಈ ವಿಷಯ ಬಾಯಿಬಿಟ್ಟಿದ್ದರೆ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಹತ್ತು ಜನ ಉಪದೇಶ ಕೊಟ್ಟಿರುತ್ತಿದ್ದರು.

ಆಮೇಲೆ ತಿಂಗಳಿಗೆ ಒಂದೇ ಪೇಮೆಂಟ್, ಸಂಸ್ಥೆಗೆ. ಅವರು ಅದನ್ನು ಎಲ್ಲ ಕಾರ್ಡ್ ಕಂಪನಿಗಳಿಗೆ ಹಂಚುತ್ತಾರೆ. ಕಂಪನಿಗಳು ಇದಕ್ಕೆ ಯಾಕೆ ಒಪ್ಪುತ್ತವೆ? ಸಾಲಗಾರ ಬ್ಯಾಂಕ್ರಪ್ಟ್ಸಿಗೆ (ಕೋರ್ಟಿನಲ್ಲಿ ದಿವಾಳಿ ಅರ್ಜಿಗೆ) ಹೋದರೆ ಅವಕ್ಕೆ ಅಸಲೂ ಸಿಗದೆ ಹೋಗಬಹುದು, ಅದಕ್ಕೆ. ವಸೂಲಾದ ದುಡ್ಡಿನಲ್ಲಿ ಸ್ವಲ್ಪ ಪಾಲನ್ನು ಕಂಪನಿಗಳು ಈ ಸಂಸ್ಥೆಗಳಿಗೂ ಕೊಡುವುದುಂಟು. ಇದನ್ನು ಕೇಳಿ ನನಗೂ ಸ್ವಲ್ಪ ಅನುಮಾನ ಬಂತು, ಆದರೆ ಕೌನ್ಸೆಲರ್ ಮುಚ್ಚಿಡದೆ ಹೇಳಿದರು.

ಈಗ ತಕರಾರು. ಪ್ಲಾನ್‌ಗೆ ಸೇರಿಸಿದ ಕಾರ್ಡ್‌ಗಳೆಲ್ಲ ಬಂದ್, ಆದ್ದರಿಂದ ಶುರುವಿನಲ್ಲಿ ಕ್ರೆಡಿಟ್ ಸ್ಕೋರ್ ಸ್ವಲ್ಪ ಬೀಳಬಹುದು. ಮನೆ ಸಾಲ, ಕಾರು ಸಾಲ ಇದರಲ್ಲಿ ಬರುವುದಿಲ್ಲ. ವೆಬ್‌ಸೈಟ್ ಅಂತೂ ಓಬೀರಾಯನ ಕಾಲದ್ದು. ಎಲ್ಲಕ್ಕಿಂತ ಸಿಟ್ಟು ಬಂದಿದ್ದು ಮೊದಲ ತಿಂಗಳು: ಒಂದು ಕಾರ್ಡ್ ಕಂಪನಿ ಇನ್ನೂ ಪ್ಲಾನ್ ಒಪ್ಪಿರಲಿಲ್ಲ, ಸಂಸ್ಥೆಯವರು ಅದನ್ನು ತಿಳಿಸಲೇ ಇಲ್ಲ, ಲೇಟ್ ಫೀ ಬಿತ್ತು. ಒಂದು ಸ್ಟಾರ್ ಕತ್ತರಿಸಿದ್ದು ಇದಕ್ಕೇ. ಎಲ್ಲ ಕಂಪನಿಗಳೂ ಒಪ್ಪಿದವು ಅಂತ ಗೊತ್ತಾಗುವವರೆಗೆ ಮಿನಿಮಮ್ ಪೇಮೆಂಟ್ ನೀವೇ ಕಟ್ಟುತ್ತಿರಿ. ಮುಂದೆ ಕಂತು ತಪ್ಪಿಸಿದರೆ ಬಡ್ಡಿಯ ರಿಯಾಯಿತಿ ಹೋಗಬಹುದು.

ಜಾಹೀರಾತಿನಲ್ಲಿ "ಅರ್ಧ ಸಾಲ ಕಟ್ಟಿದರೆ ಸಾಕು" ಅನ್ನುವ ಸೆಟ್ಲ್‌ಮೆಂಟ್ ಕಂಪನಿಗಳು ಬೇರೆ ಜಾತಿ. ಅವುಗಳಲ್ಲಿ ಎಷ್ಟೋ ಕಂಪನಿಗಳು ಕಾರ್ಡ್‌ಗೆ ಕಟ್ಟುವುದನ್ನೇ ನಿಲ್ಲಿಸಿ ಅನ್ನುತ್ತವೆ. ಅಷ್ಟರಲ್ಲಿ ಕಾರ್ಡ್ ಕಂಪನಿ ಕೋರ್ಟಿಗೆ ಹೋಗಬಹುದು, ಮನ್ನಾ ಆದ ಮೊತ್ತ 600 ಡಾಲರ್ ಮುಟ್ಟಿದರೆ 1099-ಸಿ ಅನ್ನುವ ಟ್ಯಾಕ್ಸ್ ಫಾರ್ಮ್ ಬಂದು, ಆ ಮೊತ್ತವನ್ನೂ ಆದಾಯ ಅಂತ ಲೆಕ್ಕ ಹಿಡಿದು ಟ್ಯಾಕ್ಸ್ ಬೀಳಬಹುದು. ಫೋನಿನಲ್ಲಿ ಇದನ್ನು ಮಾರುವವರು ಸಾಲ ಸೆಟಲ್ ಆಗುವ ಮುಂಚೆ ಫೀಸ್ ತೆಗೆದುಕೊಳ್ಳಬಾರದು ಅಂತ 2010ರಲ್ಲೇ ನಿಯಮ ಬಂದಿದೆ. ಮುಂಚೆಯೇ ಫೀಸ್ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ನಾನ್‌ಪ್ರಾಫಿಟ್ ಅನ್ನುವ ಬೋರ್ಡ್ ನೋಡಿ ಪೂರ್ತಿ ನಂಬುವ ಹಾಗೂ ಇಲ್ಲ. ಅಮೆರಿಡೆಟ್ ಅನ್ನುವ ಕೌನ್ಸೆಲಿಂಗ್ ಸಂಸ್ಥೆ ಕೂಡ ಹಾಗೇ ಹೇಳಿಕೊಂಡಿತ್ತು. ಜನರ ಮೊದಲ ಕಂತನ್ನು ದೇಣಿಗೆ ಅಂತ ತಾನೇ ಇಟ್ಟುಕೊಂಡಿತು ಎಂಬ ಆರೋಪದ ಮೇಲೆ 2003ರಲ್ಲಿ ಎಫ್‌ಟಿಸಿ (ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ) ಅದರ ಮೇಲೆ ಕೇಸ್ ಹಾಕಿತು.

ನಿಮ್ಮ ಬಾಕಿ ವರ್ಷದೊಳಗೆ ತೀರುವಷ್ಟಿದ್ದರೆ ಪ್ಲಾನ್ ಬೇಡ, ಆ ಫ್ರೀ ಮಾತುಕತೆಯೇ ಸಾಕು. ಸೇರುವುದಾದರೆ ಫೀಸ್ ಕಷ್ಟ ಅಂತ ಬಾಯಿಬಿಟ್ಟು ಕೇಳಿ. ಭಾವಮೈದ ಸಂಕೋಚಪಟ್ಟುಕೊಂಡು ಕೇಳಿದ, ಕಡಿಮೆ ಮಾಡಿದರು.