ಹೆಸರು, ಲೇಬಲ್ ಇಲ್ಲದ ‘ಹಾಲು ಹೆಚ್ಚಿಸುವ ಪುಡಿ’ಯನ್ನು ದನಕ್ಕೆ ಹಾಕಬೇಡಿ

ಉಡುಪಿ, ಬ್ರಹ್ಮಾವರ, ಕಾರ್ಕಳ ಕಡೆ ದನ ಸಾಕುವವರು ದಯವಿಟ್ಟು ಓದಿ. ಮನೆ ಬಾಗಿಲಿಗೆ ಬಂದು ಹಾಲು ಜಾಸ್ತಿಯಾಗಲು ಬೇರಿನ ಪುಡಿ ಮಾರುವವರಿದ್ದಾರೆ. ತೊಟ್ಟೆಯಲ್ಲಿ ಕಟ್ಟಿದ ಪುಡಿ. ಲೇಬಲ್ ಇಲ್ಲ, ಬಿಲ್ ಇಲ್ಲ. ನಮ್ಮ ಹಟ್ಟಿಗೂ ಅದು ಬಂತು.

ಮಾರಿದವರು ಶತಾವರಿ ಎಂದೇ ಹೇಳಿದ್ದರು. ಶತಾವರಿ ಒಳ್ಳೆಯದೇ. ಕರು ಹಾಕಿದ ದನಕ್ಕೆ ಅದನ್ನು ಕೊಡುವ ರೂಢಿ ಹಿಂದಿನಿಂದಲೂ ಇದೆ. ಹಿಂಡಿ ಜೊತೆ ಅಕ್ಕಚ್ಚಿನಲ್ಲಿ ಕಲಸಿ ಕೊಡಿ ಎಂದರು, ಹಾಗೇ ಕೊಟ್ಟೆವು. ಮರುದಿನ ಬೆಳಿಗ್ಗೆ ದನ ಬೈಹುಲ್ಲು ಮುಟ್ಟಲಿಲ್ಲ. ಬಾಯಿಂದ ಜೊಲ್ಲು. ಮಧ್ಯಾಹ್ನಕ್ಕೆ ಭೇದಿ ಶುರುವಾಯಿತು, ಸಂಜೆಗೆ ಅದರಲ್ಲಿ ರಕ್ತ. ಕಣ್ಣು ಗುಳಿ ಬಿದ್ದು, ಎಬ್ಬಿಸಿದರೂ ಏಳದೆ ಮಲಗಿತ್ತು. ಅದರ ಹಾಲು ಕುಡಿದ ಕರುವಿಗೂ ಭೇದಿ.

ಪಶುವೈದ್ಯರು ಬಂದು ಡ್ರಿಪ್ ಹಾಕಿದರು. ಲಕ್ಷಣ ನೋಡಿ ಅವರಿಗೆ ಬಂದ ಅನುಮಾನ ಗೌರಿ ಹೂವಿನ ಗೆಡ್ಡೆಯ ಮೇಲೆ. ಮಳೆಗಾಲದಲ್ಲಿ ಬೇಲಿ ಮೇಲೆ ಹಳದಿ, ಕೆಂಪು ಹೂ ಬಿಡುತ್ತದಲ್ವಾ, ಅಗ್ನಿಶಿಖೆ ಅಂತಲೂ ಹೇಳುತ್ತಾರೆ, ಅದೇ. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಹೊಟ್ಟೆ, ಕರುಳನ್ನು ಹಾಳು ಮಾಡುತ್ತದೆ, ಹಾಲಿಗೂ ಇಳಿಯುತ್ತದೆ. ಬಳ್ಳಿ ಎದುರಿಗಿದ್ದರೆ ಯಾರೂ ಮೋಸ ಹೋಗುವುದಿಲ್ಲ. ಶತಾವರಿಗೆ ಮುಳ್ಳು, ಸೂಜಿಯಂಥ ಎಲೆ. ಗೌರಿ ಹೂವಿನ ಎಲೆಯ ತುದಿ ಸುರುಳಿ ಸುತ್ತಿರುತ್ತದೆ. ಒಣಗಿಸಿ ಪುಡಿ ಮಾಡಿದ ಮೇಲೆ ಬರೀ ಕಣ್ಣಿಗೆ ಏನು ಗೊತ್ತಾಗುತ್ತದೆ?

ದನ ಉಳಿಯಿತು. ಹಾಲು ಮಾತ್ರ ಮೊದಲಿನ ಹಾಗೆ ಬರಲೇ ಇಲ್ಲ. ಕರು ಉಳಿಯಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, ದನಕ್ಕೆ ದೃಷ್ಟಿ ಆಗಿರಬೇಕು ಎಂದರು. ಆಮೇಲೆ ಫೋನ್ ಎತ್ತಲಿಲ್ಲ. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಗಿಡಮೂಲಿಕೆಯಿಂದ ತೊಂದರೆಯೇ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಟಿ ಅಮಾವಾಸ್ಯೆಗೆ ಕಷಾಯ ಮಾಡಿ ಕುಡಿಯಲು ಪಾಲೆ ಮರದ ಕೆತ್ತೆ (ತೊಗಟೆ) ತರುವಾಗ ವಿಷದ ಮರವಾದ ಕಾಸರಕದ ಕೆತ್ತೆ ಬಂದರೆ ಏನಾಗುತ್ತದೆ ಎಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಗಿಡ ಯಾವುದು ಎಂದು ಗೊತ್ತಿದ್ದರೆ ಮಾತ್ರ ಅದು ಮದ್ದು. ಕೆಚ್ಚಲು ಬಾವಿಗೆ ಲೋಳೆಸರ, ಅರಸಿನ, ಸುಣ್ಣ ಅರೆದು ಹಚ್ಚುವುದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಹೇಳಿಕೊಡುತ್ತದೆ. 250 ಗ್ರಾಂ ಲೋಳೆಸರ, 50 ಗ್ರಾಂ ಅರಸಿನ, 15 ಗ್ರಾಂ ಸುಣ್ಣ. ಮೂರೂ ನಮ್ಮ ಕಣ್ಣೆದುರೇ ಇರುವ ವಸ್ತು, ಅಳತೆಯೂ ಗೊತ್ತು. ನಾನು ಅದನ್ನು ಇವತ್ತಿಗೂ ಬಳಸುತ್ತೇನೆ.

ಶತಾವರಿ ಬೇಕಿದ್ದರೆ ಹಿತ್ತಿಲಲ್ಲೇ ನೆಡಿ, ಗೆಡ್ಡೆ ನೀವೇ ಅಗೆದು ತೆಗೆಯಿರಿ. ಅಂಗಡಿಯದ್ದಾದರೆ ಪೊಟ್ಟಣದ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗಿರುವ ಮೂಲಿಕೆಗಳ ಹೆಸರು ಇದೆಯಾ ನೋಡಿ. ಎಷ್ಟು ಕೊಡಬೇಕು ಎಂದು ಪಶುವೈದ್ಯರನ್ನೇ ಕೇಳಿ.

ಇಂಥ ಪುಡಿ ಈಗಾಗಲೇ ಹಾಕಿದ್ದರೆ ಇವತ್ತೇ ನಿಲ್ಲಿಸಿ. ಉಳಿದದ್ದನ್ನು ಎಸೆಯಬೇಡಿ, ವೈದ್ಯರಿಗೆ ತೋರಿಸಲು ಬೇಕಾಗುತ್ತದೆ. ದನ ಮೇವು ಬಿಟ್ಟರೆ ಮನೆ ಮದ್ದು ಮಾಡುತ್ತಾ ಕೂರದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ವೈದ್ಯರು ಸರಿ ಎನ್ನುವವರೆಗೆ ಆ ಹಾಲನ್ನು ಸೊಸೈಟಿಗೆ ಹಾಕಬೇಡಿ, ಮಕ್ಕಳಿಗೆ ಕೊಡಬೇಡಿ, ಕರುವಿಗೂ ಕುಡಿಸಬೇಡಿ.