ಸಿ ಭಾಷೆಯ ಮುದ್ರಿತ ಕೈಪಿಡಿ: ಯಾರು ಕೊಳ್ಳಬೇಕು, ಯಾರಿಗೆ ಬೇಡ

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಬ್ರಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ 'ದ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪುಸ್ತಕದ ಎರಡನೆಯ ಆವೃತ್ತಿ ಹೊರಬಂದದ್ದು 1988ರಲ್ಲಿ. ಅದನ್ನು ಕಾಲೇಜಿನ ಪಠ್ಯವಾಗಿ ಓದಿ, ಪರೀಕ್ಷೆ ಮುಗಿದ ಮೇಲೆ ಕೈಬಿಟ್ಟವರೇ ಹೆಚ್ಚು. ನಾನು ಅದನ್ನು ಇಲ್ಲಿ ವಿಮರ್ಶಿಸುತ್ತಿರುವುದು ಪಠ್ಯಪುಸ್ತಕವೆಂದಲ್ಲ, ಪ್ರೋಗ್ರಾಮರ್ ಒಬ್ಬನ ಮೇಜಿನ ಮೇಲೆ ಕೈಗೆಟಕುವಂತಿರಬೇಕಾದ ಕೈಪಿಡಿಯೆಂದು. 272 ಪುಟಗಳಲ್ಲಿ 191ನೆಯ ಪುಟದಿಂದ ಆರಂಭವಾಗುವ ಅನುಬಂಧಗಳೇ ಈ ದೃಷ್ಟಿಯಿಂದ ಮುಖ್ಯವಾದವು: ಮೊದಲ ಅನುಬಂಧದಲ್ಲಿ ಭಾಷೆಯ ನಿಯಮಗಳಿವೆ, ಎರಡನೆಯದರಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ಫಂಕ್ಷನ್‌ಗಳ (ಭಾಷೆಯ ಜೊತೆಗೇ ಬರುವ ಸಿದ್ಧ ಪ್ರೋಗ್ರಾಂ ತುಣುಕುಗಳ) ವಿವರವಿದೆ, ಕೊನೆಗೊಂದು ಅಚ್ಚುಕಟ್ಟಾದ ಪದಸೂಚಿ ಇದೆ.

ನನ್ನ ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯ ಸಣ್ಣ ಘಟಕವೊಂದರಲ್ಲಿ. ಹೊಲದ ಪಂಪ್‌ಸೆಟ್‌ಗಳಿಗೆ ಜೋಡಿಸುವ ಸ್ಟಾರ್ಟರ್‌ಗಳ ಒಳಗಿನ ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ಗೆ ನಾವು ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತೇವೆ. ನವಲಗುಂದ, ಕುಂದಗೋಳದ ಕಡೆಯ ಹೊಲಗಳಲ್ಲಿ ನಿಂತು ಸ್ಟಾರ್ಟರ್ ಪರೀಕ್ಷಿಸುವಾಗ ಮೊಬೈಲಿಗೆ ಸಿಗ್ನಲ್ ಸಿಗದೇ ಇರುವುದುಂಟು. ಆಗ ಪುಸ್ತಕ ಉಪಯೋಗಕ್ಕೆ ಬರುತ್ತದೆ ಎಂಬುದು ನಿಜ. ಆದರೆ ಅದನ್ನೇ ದೊಡ್ಡ ಕಾರಣವಾಗಿ ನಾನು ಮುಂದಿಡುವುದಿಲ್ಲ, ಏಕೆಂದರೆ ಪಿಡಿಎಫ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡರೂ ಆ ತೊಂದರೆ ಬಗೆಹರಿಯುತ್ತದೆ. ಮುಖ್ಯ ಕಾರಣ ಬೇರೆ. ಅಂತರ್ಜಾಲದಲ್ಲಿ ಹುಡುಕಿದಾಗ ಸಿಗುವುದು ಯಾರದೋ ಕಂಪ್ಯೂಟರಿನಲ್ಲಿ ಕೆಲಸ ಮಾಡಿದ ಉತ್ತರ. ಕೈಪಿಡಿಯಲ್ಲಿ ಸಿಗುವುದು ಭಾಷೆ ಯಾವುದಕ್ಕೆ ಖಾತ್ರಿ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬ ವಿವರ. ನಮ್ಮಂಥವರ ಕೆಲಸದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕರೆಂಟ್ ಹೋಗಿ ಬಂದ ತಕ್ಷಣ ಊರಿನ ಎಲ್ಲ ಮೋಟಾರುಗಳೂ ಒಟ್ಟಿಗೆ ಚಾಲೂ ಆಗಬಾರದೆಂದು ಸ್ಟಾರ್ಟರ್‌ನಲ್ಲಿ ಕೆಲವು ಸೆಕೆಂಡುಗಳ ವಿಳಂಬ ಇಟ್ಟಿರುತ್ತೇವೆ. 40 ಸೆಕೆಂಡುಗಳನ್ನು ಮಿಲಿಸೆಕೆಂಡಿಗೆ ತಿರುಗಿಸಲು ಇಂಟ್ ಬಗೆಯ (ಪೂರ್ಣಾಂಕ ಹಿಡಿಯುವ) ವೇರಿಯಬಲ್ ಒಂದನ್ನು 1000ದಿಂದ ಗುಣಿಸಿದರೆ 40000 ಬರಬೇಕು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಇಂಟ್ ಎಂದರೆ 32 ಬಿಟ್ ಆದ್ದರಿಂದ ಲೆಕ್ಕ ಸರಿಯಾಗಿಯೇ ಬರುತ್ತದೆ, ಅಂತರ್ಜಾಲದ ಮಾದರಿಗಳೂ ಸಾಮಾನ್ಯವಾಗಿ ಅದನ್ನೇ ನಂಬಿ ಬರೆದವು. 8 ಬಿಟ್‌ನ ಮೈಕ್ರೊಕಂಟ್ರೋಲರ್‌ಗಳ ಕಂಪೈಲರ್‌ನಲ್ಲಿ (ಬರೆದ ಪ್ರೋಗ್ರಾಂ ಅನ್ನು ಯಂತ್ರದ ಸಂಕೇತಕ್ಕೆ ತಿರುಗಿಸುವ ಸಾಧನದಲ್ಲಿ) ಸಾಮಾನ್ಯವಾಗಿ ಇಂಟ್‌ಗೆ 16 ಬಿಟ್ ಮಾತ್ರ. ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. ಗುಣಾಕಾರ ಮಿತಿ ಮೀರುತ್ತದೆ, ಮುಂದೆ ಏನಾಗುತ್ತದೆ ಎಂಬುದಕ್ಕೆ ಭಾಷೆಯ ಖಾತ್ರಿ ಇಲ್ಲ. ಎರಡನೆಯ ಅನುಬಂಧದ ಕೊನೆಯ ಭಾಗದಲ್ಲಿ ಈ ಮಿತಿಗಳ ಪಟ್ಟಿ ಇದೆ. ಪ್ರತಿಯೊಂದು ಬಗೆಗೂ ಕನಿಷ್ಠ ಎಷ್ಟು ಇರಲೇಬೇಕು ಎಂಬುದನ್ನು ಕೊಟ್ಟು, ಇದಕ್ಕಿಂತ ದೊಡ್ಡದನ್ನು ಬಳಸಲು ಅಡ್ಡಿಯಿಲ್ಲ ಎಂದು ತಿಳಿಸಿದ್ದಾರೆ. ಇಂಟ್‌ನ ಮುಂದೆ 32767 ಎಂದೇ ಇದೆ. ಆ ಒಂದು ಸಾಲನ್ನು ನೋಡಿದವನು ತನ್ನ ಕಂಪ್ಯೂಟರಿನಲ್ಲಿ ಬಂದ ಉತ್ತರವನ್ನು ಸ್ಟಾರ್ಟರ್ ಪೆಟ್ಟಿಗೆಯಲ್ಲೂ ಬರುತ್ತದೆಂದು ನಂಬುವುದಿಲ್ಲ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಪ್ರೋಗ್ರಾಂ ಬರೆಸಿಕೊಳ್ಳುವ ಹೊಸ ಹುಡುಗರು ನಮ್ಮಲ್ಲಿಯೂ ಇದ್ದಾರೆ. ಬರೆಸಿಕೊಂಡದ್ದನ್ನು ಯಾವುದರ ಎದುರು ಇಟ್ಟು ಪರೀಕ್ಷಿಸಬೇಕು ಎಂದು ಅವರು ಕೇಳಿದರೆ ನಾನು ಈ ಅನುಬಂಧಗಳನ್ನೇ ತೋರಿಸುತ್ತೇನೆ.

53ನೆಯ ಪುಟದ ಆಪರೇಟರ್‌ಗಳ ಆದ್ಯತೆಯ (ಯಾವ ಚಿಹ್ನೆಯ ಲೆಕ್ಕ ಮೊದಲು ಎಂಬುದರ) ಕೋಷ್ಟಕವೂ ಅಷ್ಟೇ ಬೆಲೆಯುಳ್ಳದ್ದು. & ಚಿಹ್ನೆಯ ಆದ್ಯತೆ == ಚಿಹ್ನೆಗಿಂತ ಕೆಳಗಿದೆ, ಆದ್ದರಿಂದ ಬಿಟ್ ಪರೀಕ್ಷೆಯನ್ನು ಆವರಣದೊಳಗೆ ಇಡಲೇಬೇಕು ಎಂಬುದು ಕೋಷ್ಟಕದ ಜೊತೆಯಲ್ಲೇ ಸ್ಪಷ್ಟವಾಗಿದೆ. ಮೊದಲ ಅನುಬಂಧದಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ: ನಿಯಮಗಳು ಸಾಮಾನ್ಯ ಅಕ್ಷರಗಳಲ್ಲಿ, ಅವುಗಳ ಮೇಲಿನ ಟಿಪ್ಪಣಿಗಳು ಒಳಸರಿಸಿದ ಸಣ್ಣ ಅಕ್ಷರಗಳಲ್ಲಿ. ಯಾವುದು ನಿಯಮ, ಯಾವುದು ಲೇಖಕರ ವಿವರಣೆ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ಈ ಶಿಸ್ತು ಇಂದಿನ ಹಲವು ಜಾಲತಾಣಗಳಲ್ಲಿ ಇಲ್ಲ.

ಪುಸ್ತಕದ ಕೊರತೆಗಳು ಸಣ್ಣವಲ್ಲ. ಅವುಗಳನ್ನು ತಿಳಿಯದೆ ಇದನ್ನು ಕೈಪಿಡಿಯಾಗಿ ಬಳಸುವುದು ಅಪಾಯಕರ. ಒಂದು ಸಾಲನ್ನು ಓದಿಕೊಳ್ಳುವ ಗೆಟ್ಸ್ ಫಂಕ್ಷನ್ ಇದರಲ್ಲಿ ಯಾವ ಎಚ್ಚರಿಕೆಯೂ ಇಲ್ಲದೆ ಪಟ್ಟಿಯಲ್ಲಿ ಕುಳಿತಿದೆ. ಓದುವ ಸಾಲು ಎಷ್ಟು ಉದ್ದವಿದ್ದರೂ ಅದು ನಿಲ್ಲುವುದಿಲ್ಲ, ಇಟ್ಟ ಜಾಗವನ್ನು ದಾಟಿ ಬರೆಯುತ್ತದೆ. ಪುಸ್ತಕ ಬಂದ 1988ರ ನವೆಂಬರಿನಲ್ಲೇ ಹರಡಿದ ಮೋರಿಸ್ ವರ್ಮ್ (ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗಿಯೇ ಹರಡುವ ಪ್ರೋಗ್ರಾಂ) ಇದೇ ಫಂಕ್ಷನ್ನಿನ ದೌರ್ಬಲ್ಯವನ್ನೂ ಬಳಸಿಕೊಂಡು ಕಂಪ್ಯೂಟರುಗಳ ಒಳಹೊಕ್ಕಿತು. 2011ರ ಸ್ಟ್ಯಾಂಡರ್ಡ್ (ಭಾಷೆಯ ಅಧಿಕೃತ ನಿಯಮಾವಳಿ) ಅದನ್ನು ಭಾಷೆಯಿಂದಲೇ ತೆಗೆದುಹಾಕಿತು. ನಿಗದಿತ ಅಳತೆಯೊಳಗೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಮತ್ತು ನಿಖರ ಬಿಟ್ ಅಳತೆಯ ಸಂಖ್ಯಾ ಬಗೆಗಳು 1999ರ ಸ್ಟ್ಯಾಂಡರ್ಡ್‌ನಲ್ಲಿ ಬಂದವು, ಹಾಗಾಗಿ ಪುಸ್ತಕದಲ್ಲಿ ಅವುಗಳ ಸುಳಿವೇ ಇಲ್ಲ. ಸ್ಟ್ರಿಂಗ್ (ಅಕ್ಷರಗಳ ಸರಣಿ) ನಕಲು ಮಾಡುವ ಎಸ್‌ಟಿಆರ್‌ಎನ್‌ಸಿಪಿವೈ ಬಗ್ಗೆ ಇರುವ ವಿವರಣೆ ತಪ್ಪಲ್ಲ, ಆದರೆ ಅತಿ ಚಿಕ್ಕದು: ಅಕ್ಷರಗಳು ಕಡಿಮೆ ಬಿದ್ದರೆ ಸೊನ್ನೆ ತುಂಬುತ್ತದೆ ಎಂದಷ್ಟೇ ಹೇಳುತ್ತದೆ. ಅಕ್ಷರಗಳು ಹೆಚ್ಚಾದರೆ ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆ ಬೀಳುವುದಿಲ್ಲ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು.

ನಮ್ಮ ಭಾಗದವರಿಗೆ ಎಲ್ಲಕ್ಕಿಂತ ಹೆಚ್ಚು ತಟ್ಟುವ ಕೊರತೆ ಕನ್ನಡಕ್ಕೆ ಸಂಬಂಧಿಸಿದ್ದು. ರೈತರು ಓದುವ ಪರದೆಯಲ್ಲಿ ಕನ್ನಡ ಇರಬೇಕೆಂಬುದು ನ್ಯಾಯವಾದ ಬೇಡಿಕೆ. ಇಂದು ಅದಕ್ಕೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ) ರೂಪುಗೊಂಡದ್ದು 1992ರಲ್ಲಿ, ಅಂದರೆ ಪುಸ್ತಕದ ನಂತರ. ಒಂದಕ್ಕಿಂತ ಹೆಚ್ಚು ಬೈಟಿನ ಅಕ್ಷರಗಳ ವಿಷಯವನ್ನು ಲೇಖಕರು ತಾವಾಗಿಯೇ ಕೈಬಿಟ್ಟಿರುವುದಾಗಿಯೂ ಹೇಳಿದ್ದಾರೆ. 'ಹುಬ್ಬಳ್ಳಿ' ಎಂಬ ಪದವನ್ನು ಯುಟಿಎಫ್-8ರಲ್ಲಿ ಬರೆದು ಎಸ್‌ಟಿಆರ್‌ಲೆನ್‌ನಿಂದ ಉದ್ದ ಕೇಳಿದರೆ 27 ಎಂಬ ಉತ್ತರ ಬರುತ್ತದೆ. ನಾವು ಓದುವ ಅಕ್ಷರಗಳು ಮೂರು. ಒತ್ತಕ್ಷರ, ಗುಣಿತಚಿಹ್ನೆಗಳನ್ನು ಬಿಡಿಸಿದರೆ ಯೂನಿಕೋಡ್ ಸಂಕೇತಗಳು ಒಂಬತ್ತು. ಪ್ರತಿಯೊಂದಕ್ಕೂ ಮೂರು ಬೈಟು. ಫಂಕ್ಷನ್ ಬೈಟುಗಳನ್ನು ಎಣಿಸುತ್ತದೆ. ಪುಸ್ತಕವನ್ನು ಮಾತ್ರ ನಂಬಿದವನು ಹದಿನಾರು ಬೈಟಿನ ಜಾಗದಲ್ಲಿ ಊರಿನ ಹೆಸರು ಸುಲಭವಾಗಿ ಹಿಡಿಸುತ್ತದೆಂದು ತಿಳಿಯುವ ಸಂಭವವಿದೆ. ಕನ್ನಡ ಪಠ್ಯದ ಕೆಲಸವಿದ್ದವರು ಈ ಭಾಗಕ್ಕೆ ಯೂನಿಕೋಡ್ ಸಂಸ್ಥೆಯ ದಾಖಲೆಗಳನ್ನೇ ನೋಡಬೇಕು.

ಎಲ್ಲ ಭಾಷೆಗಳಿಗೂ ಮುದ್ರಿತ ಕೈಪಿಡಿ ಬೇಕೆಂದು ನಾನು ಹೇಳಲಾರೆ. ಪೈಥಾನ್ ಈಗ ವರ್ಷಕ್ಕೊಂದು ಹೊಸ ಆವೃತ್ತಿ ಹೊರಡಿಸುತ್ತದೆ. ಅದರ ಅಧಿಕೃತ ದಾಖಲೆ ಉಚಿತವಾಗಿದೆ, ಇಳಿಸಿಕೊಳ್ಳಲೂಬಹುದು. ಜಾವಾಸ್ಕ್ರಿಪ್ಟ್‌ನ ಹೆಸರಾಂತ ದಪ್ಪ ಪುಸ್ತಕವೊಂದು 2020ರ ಏಳನೆಯ ಆವೃತ್ತಿಯಲ್ಲಿ ತನ್ನ ಆಕರ ವಿಭಾಗವನ್ನೇ ಬಿಟ್ಟುಕೊಟ್ಟಿತು, ಮತ್ತು ಆ ತೀರ್ಮಾನ ಸರಿಯಾಗಿಯೇ ಇದೆ. ಲಿನಕ್ಸ್ ಬಳಸುವವರ ಬಳಿ ಮ್ಯಾನ್ ಪುಟಗಳು (ಕಂಪ್ಯೂಟರಿನಲ್ಲೇ ತೆರೆದು ಓದುವ ಕೈಪಿಡಿ) ಇದ್ದೇ ಇರುತ್ತವೆ. 1971ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿದ್ಧವಾದ ಯೂನಿಕ್ಸ್ ಕೈಪಿಡಿಯ ವಂಶದವೇ ಅವು. ಫಂಕ್ಷನ್ನಿನ ದೋಷಗಳನ್ನು ತೆರೆದು ಹೇಳುವ ವಿಷಯದಲ್ಲಿ ಅವು ಈ ಪುಸ್ತಕಕ್ಕಿಂತ ಮೇಲು. ಬಹಳ ಕಾಲ ಬದಲಾಗದೆ ನಿಂತ ಭಾಗಗಳಿಗೆ ಮಾತ್ರ ಕಾಗದ ಹೊಂದುತ್ತದೆ, ಮತ್ತು ಸಿ ಭಾಷೆಯ ತಿರುಳು ಅಂಥದ್ದು.

ಕೊಳ್ಳುವವರಿಗೆ ಒಂದೆರಡು ಮಾತು. ಭಾರತೀಯ ಮುದ್ರಣ ವಿದೇಶಿ ಪ್ರತಿಗಿಂತ ಬಹಳ ಅಗ್ಗ, ಕಾಗದ ತೆಳುವಾದರೂ ಓದಲು ಅಡ್ಡಿಯಿಲ್ಲ. ಧಾರವಾಡದ ಸುಭಾಸ ರಸ್ತೆಯ ಅಂಗಡಿಗಳಲ್ಲಿಯೂ ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜುಗಳ ಆಸುಪಾಸಿನಲ್ಲಿಯೂ ವಿಚಾರಿಸಬಹುದು. ಅಂಗಡಿಯೊಂದು ನನಗೆ ಮೊದಲು ಕೊಟ್ಟ ಪ್ರತಿ ನಕಲಿ ಮುದ್ರಣದ್ದಾಗಿತ್ತು: ಹೊದಿಕೆ ನೋಡಲು ಸರಿಯಾಗಿದ್ದರೂ ಒಳಗಿನ ಪುಟಗಳಲ್ಲಿ ಅರ್ಧವಿರಾಮ ಮತ್ತು ಅಲ್ಪವಿರಾಮ ಚಿಹ್ನೆಗಳ ನಡುವಿನ ವ್ಯತ್ಯಾಸವೇ ತಿಳಿಯದಂತೆ ಶಾಯಿ ಹರಡಿತ್ತು. ಕಾದಂಬರಿಯಲ್ಲಾದರೆ ಹೇಗೋ ಸಹಿಸಬಹುದಾದ ಈ ದೋಷ ಇಂಥ ಪುಸ್ತಕವನ್ನು ಪೂರ್ತಿ ನಿರುಪಯೋಗಿ ಮಾಡುತ್ತದೆ, ಆದ್ದರಿಂದ ಹಣ ಕೊಡುವ ಮೊದಲು ಸಣ್ಣ ಅಕ್ಷರಗಳ ಪುಟವೊಂದನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ಹಳೆಯ ಪ್ರತಿ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು, ಆದರೆ ಅದು ಎರಡನೆಯ ಆವೃತ್ತಿಯೇ ಆಗಿರಬೇಕು. 1978ರ ಮೊದಲ ಆವೃತ್ತಿಯಲ್ಲಿ ಫಂಕ್ಷನ್ ಪ್ರೊಟೊಟೈಪ್‌ಗಳೇ (ಫಂಕ್ಷನ್ ಯಾವ ಬಗೆಯ ಮೌಲ್ಯಗಳನ್ನು ತೆಗೆದುಕೊಳ್ಳುತ್ತದೆ ಎಂದು ಮೊದಲೇ ಸಾರುವ ಸಾಲುಗಳು) ಇಲ್ಲ, ಇಂದಿನ ಕೆಲಸಕ್ಕೆ ಅದು ಒದಗುವುದಿಲ್ಲ.