ವಿಎಸ್ ಕೋಡ್‌ನಲ್ಲಿ ವಿಮ್: ಎರಡರಲ್ಲಿ ಯಾವುದು?
ಹುಬ್ಬಳ್ಳಿ-ಧಾರವಾಡದ ಕಾಲೇಜುಗಳಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತ ವಿಎಸ್ ಕೋಡ್ ಎಂಬ ಕೋಡ್ ಎಡಿಟರ್ ಬಳಸುವವರು, ವಿಮ್ ಎಂಬ ಹಳೆಯ ಎಡಿಟರ್‌ನಲ್ಲಿರುವಂತೆ ಮೌಸ್ ಮುಟ್ಟದೆ ಕೀಲಿಗಳಿಂದಲೇ ಪಠ್ಯ ತಿದ್ದಬೇಕೆಂದರೆ, ಮುಖ್ಯವಾಗಿ ವಿಎಸ್‌ಕೋಡ್‌ವಿಮ್ ಮತ್ತು ವಿಎಸ್‌ಕೋಡ್ ನಿಯೋವಿಮ್ ಎಂಬ ಎರಡು ಎಕ್ಸ್‌ಟೆನ್ಶನ್‌ಗಳ (ಸೇರಿಸಿಕೊಳ್ಳುವ ಸೌಲಭ್ಯಗಳ) ನಡುವೆ ಆರಿಸಿಕೊಳ್ಳಬೇಕಾಗುತ್ತದೆ. ಮೊದಲನೆಯದು, 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್‌ನ ವರ್ತನೆಯನ್ನು ಟೈಪ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅನುಕರಿಸುತ್ತದೆ. ಎರಡನೆಯದು ವಿಮ್‌ನಿಂದ ಹುಟ್ಟಿದ ಎಡಿಟರ್ ಆದ ನಿಜವಾದ ನಿಯೋವಿಮ್ ಅನ್ನೇ ಹಿನ್ನೆಲೆಯಲ್ಲಿ ಓಡಿಸುವುದರಿಂದ ಅದನ್ನು ಪ್ರತ್ಯೇಕವಾಗಿ ಇನ್‌ಸ್ಟಾಲ್ ಮಾಡಿಕೊಂಡಿರಬೇಕು. ಆದ್ದರಿಂದ ಹೊಸ ತಂತ್ರಾಂಶ ಹಾಕಲು ಅನುಮತಿ ಇಲ್ಲದ ಲ್ಯಾಬ್‌ಗಳಲ್ಲಿ ಮೊದಲನೆಯದೇ ಅನುಕೂಲ; ಸರೌಂಡ್, ಈಸಿಮೋಷನ್‌ನಂತಹ ವಿಮ್ ಪ್ಲಗಿನ್‌ಗಳ (ಸೇರ್ಪಡೆಗಳ) ಅನುಕರಣೆಯೂ ಅದರೊಳಗೇ ಇದೆ.

ಕನ್ನಡದಲ್ಲಿಯೂ ಬರೆಯುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕನ್ನಡ ಕೀಲಿಮಣೆ ಚಾಲೂ ಇರುವಾಗ ನಾರ್ಮಲ್ ಮೋಡ್‌ನಲ್ಲಿ (ಕೀಲಿಗಳು ಅಕ್ಷರಗಳ ಬದಲು ಆದೇಶಗಳಾಗುವ ಸ್ಥಿತಿಯಲ್ಲಿ) ಕರ್ಸರ್ ಚಲಿಸಲು ಜೆ, ಕೆ ಕೀಲಿಗಳನ್ನು ಒತ್ತಿದರೆ ಎಡಿಟರ್‌ಗೆ ಕನ್ನಡ ಅಕ್ಷರಗಳು ತಲುಪುತ್ತವೆಯೇ ಹೊರತು ಕರ್ಸರ್ ಚಲಿಸುವುದಿಲ್ಲ. ಇನ್ಸರ್ಟ್ ಮೋಡ್‌ನಿಂದ (ಅಕ್ಷರ ಬರೆಯುವ ಸ್ಥಿತಿಯಿಂದ) ಹೊರಬಂದೊಡನೆ ಇಂಗ್ಲಿಷ್‌ಗೆ ತಾನಾಗಿ ಬದಲಾಗುವ ಸೆಟ್ಟಿಂಗ್ ವಿಎಸ್‌ಕೋಡ್‌ವಿಮ್‌ನಲ್ಲಿದೆ. ಆದರೆ ಅದಕ್ಕೆ ಪುಟ್ಟದೊಂದು ಹೊರಗಿನ ಪ್ರೋಗ್ರಾಮ್ ಬೇಕು. ಕನ್ನಡದ ಬರಹವೇ ಹೆಚ್ಚಿರುವವರಿಗೆ ವಿಎಸ್‌ಕೋಡ್‌ವಿಮ್ ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕೆಂಬುದು ನನ್ನ ಅಭಿಪ್ರಾಯ.

ಈಗಾಗಲೇ ನಿಯೋವಿಮ್ ರೂಢಿಯಿದ್ದು ಲುವಾ ಭಾಷೆಯಲ್ಲಿ ಬರೆದ ತಮ್ಮ ಸೆಟ್ಟಿಂಗ್ ಕಡತವನ್ನು ಬಿಡಲೊಲ್ಲದವರು ಎರಡನೆಯದನ್ನು ಆರಿಸಬಹುದು. ಆದರೆ ಪರದೆಯ ನೋಟವನ್ನು ಬದಲಿಸುವ ಪ್ಲಗಿನ್‌ಗಳು ಅಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ.